ಊಟದ ಡಬ್ಬಿ ಹೋದ ಹಾಗೇ ವಾಪಸ್ ಬರುತ್ತಿದೆ, ಮಗ ಆಟವನ್ನೂ ಬಿಟ್ಟಿದ್ದಾನೆ. ಏನು ಮಾಡಲಿ?

ಹೊಸಿಲು, ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಊಟದ ಡಬ್ಬಿ ಮುಟ್ಟದೆ ವಾಪಸ್ ತರುತ್ತಿದ್ದಾನೆ. ಮೊದಲು ಹಸಿವಿಲ್ಲ ಅಂದ. ಆಮೇಲೆ ಟೈಮ್ ಸಾಲಲಿಲ್ಲ ಅಂದ. ಸಂಜೆ ಐದಕ್ಕೆ ಬಂದವನೇ ಬ್ಯಾಗ್ ಎಸೆದು ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾನೆ. ಬಿಸ್ಕತ್ತು, ಮಿಕ್ಸ್ಚರ್, ಅಂಗಡಿಯ ಐದು ರೂಪಾಯಿ ಪ್ಯಾಕೆಟ್ಟು. ರಾತ್ರಿ ಮುದ್ದೆ ಮುಂದಿಟ್ಟರೆ ಬೇಡ ಅನ್ನುತ್ತಾನೆ. ಒಂದು ವರ್ಷದಲ್ಲಿ ಎಂಟು ಕೆಜಿ ಹೆಚ್ಚಾಗಿದೆ.

ಡಾಕ್ಟರ ಹತ್ತಿರ ಹೋದೆವು. ಹೊರಗಿನ ತಿಂಡಿ ಬಿಡಿಸಿ, ಆಡಲು ಕಳಿಸಿ ಅಂದರು. ಇವರು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಓಡಿಸಲು ಶುರು ಮಾಡಿದರು. ನಾಲ್ಕು ದಿನ ಓಡಿದ. ಐದನೇ ದಿನ ಹೊದಿಕೆ ಮುಖದ ಮೇಲೆ ಎಳೆದುಕೊಂಡು ಅತ್ತ. ಸೋಮಾರಿ ಅಂತ ನಾನೂ ಬೈದೆ.

ಹೋದ ವಾರ ಪಕ್ಕದ ಮನೆಯ ಹುಡುಗಿ ಹೇಳಿದಳು. ಅವಳೂ ಅದೇ ಶಾಲೆ. "ಆಂಟಿ, ಅವನು ಡಬ್ಬಿ ತೆಗೆದರೆ ಮೂರು ಜನ ಸುತ್ತ ನಿಂತು ತುತ್ತು ಎಣಿಸುತ್ತಾರೆ." ಒಂದು, ಎರಡು, ಮೂರು ಅಂತ ಜೋರಾಗಿ. ಕೊನೆಗೆ "ಡುಮ್ಮ ಇವತ್ತು ಹದಿನಾಲ್ಕು" ಅಂತ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರಂತೆ. ಪಿಟಿ ಪೀರಿಯಡ್‌ನಲ್ಲಿ ಓಡಿದರೆ "ಭೂಕಂಪ, ಭೂಕಂಪ" ಅಂತ ನೆಲ ಹಿಡಿದು ಕೂರುತ್ತಾರಂತೆ.

ಅವತ್ತಿಂದ ನನಗೆ ನಿದ್ದೆ ಇಲ್ಲ. "ಯಾಕೋ ತಿಂದಿಲ್ಲ" ಅಂತ ದಿನಾ ಗದರಿಸಿದೆ. ಅಲ್ಲಿ ತಿನ್ನಲು ಬಿಡುತ್ತಿದ್ದಾರಾ ಅಂತ ಒಂದು ದಿನವೂ ಯೋಚಿಸಲಿಲ್ಲ. ಶಾಲೆಗೆ ಹೋಗಿ ಮಾತಾಡುತ್ತೇನೆ ಅಂದರೆ ಮಗ ಕೈ ಹಿಡಿದುಕೊಳ್ಳುತ್ತಾನೆ. "ಬೇಡಮ್ಮ, ಇನ್ನೂ ಜಾಸ್ತಿ ಮಾಡುತ್ತಾರೆ" ಅನ್ನುತ್ತಾನೆ. ಇಲ್ಲಿ ಶಿಕ್ಷಕರಿದ್ದೀರಿ, ಮಕ್ಕಳನ್ನು ಬೆಳೆಸಿದವರಿದ್ದೀರಿ. ದಾರಿ ಹೇಳಿ.

ಗ್ರೌಂಡ್ ಮೇಷ್ಟ್ರು, ಹಾಸನ ಜಿಲ್ಲೆ

ಮೇಡಂ, 22 ವರ್ಷದಿಂದ ದೈಹಿಕ ಶಿಕ್ಷಕ ನಾನು. ನಿಮ್ಮ ಬರಹ ಓದಿ ನನ್ನ ತಪ್ಪುಗಳೇ ಕಣ್ಣ ಮುಂದೆ ಬಂದವು.

ಟೀಮ್ ಮಾಡುವಾಗ ಇಬ್ಬರು ಕ್ಯಾಪ್ಟನ್‌ಗಳನ್ನು ನಿಲ್ಲಿಸಿ, ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಅನ್ನುತ್ತೇವಲ್ಲ, ಆ ಐದು ನಿಮಿಷ ಕೆಲವು ಮಕ್ಕಳಿಗೆ ನರಕ. ಕೊನೆಗೆ ಉಳಿಯುವ ಹುಡುಗ ಪ್ರತಿ ಸಲ ಅವನೇ. "ಇವನನ್ನು ನೀವೇ ಇಟ್ಟುಕೊಳ್ಳಿ" ಅಂತ ಎರಡೂ ಕಡೆಯವರು ತಳ್ಳಾಡುತ್ತಾರೆ. ನಾನು ಎಷ್ಟೋ ವರ್ಷ ಪಕ್ಕದಲ್ಲೇ ಸೀಟಿ ಹಿಡಿದು ನಿಂತು ನೋಡಿದ್ದೇನೆ. ಈಗ ಸಾಲಾಗಿ ನಿಲ್ಲಿಸಿ ಒಂದು-ಎರಡು, ಒಂದು-ಎರಡು ಅಂತ ಹೇಳಿಸುತ್ತೇನೆ. ಒಂದು ಅಂದವರೆಲ್ಲ ಆ ಕಡೆ, ಎರಡು ಅಂದವರೆಲ್ಲ ಈ ಕಡೆ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಇನ್ನೊಂದು. ತಡವಾಗಿ ಬಂದರೆ ಗ್ರೌಂಡ್ ಐದು ಸುತ್ತು, ಹೋಂವರ್ಕ್ ಇಲ್ಲದಿದ್ದರೆ ಬಸ್ಕಿ. ಓಡುವುದನ್ನು ನಾವೇ ಶಿಕ್ಷೆ ಮಾಡಿಟ್ಟು, ಮಕ್ಕಳು ಓಡುವುದಿಲ್ಲ ಅಂತ ದೂರಿದರೆ ಹೇಗೆ? ನಿಮ್ಮ ಯಜಮಾನರು ಒಳ್ಳೆಯದಕ್ಕೇ ಎಬ್ಬಿಸಿದ್ದಾರೆ. ಆದರೆ ಹುಡುಗನಿಗೆ ಅದು ದಪ್ಪ ಆಗಿದ್ದಕ್ಕೆ ಕೊಟ್ಟ ಶಿಕ್ಷೆ ಅನ್ನಿಸಿರುತ್ತದೆ. ಅದನ್ನು ನಿಲ್ಲಿಸಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕಾಗಿಲ್ಲ. ಸೈಕಲ್‌ನಲ್ಲಿ ಶಾಲೆಗೆ ಹೋಗುವುದೂ ಸೇರುತ್ತದೆ, ಮನೆ ಹಿಂದೆ ಲಗೋರಿ ಆಡುವುದೂ ಸೇರುತ್ತದೆ. ದಪ್ಪ ಇದ್ದಾನೆ ಅಂತ ನೀವೇ ತೀರ್ಮಾನ ಮಾಡಿ ಕಬಡ್ಡಿಗೆ ಸೇರಿಸಬೇಡಿ. ಏನಿಷ್ಟ ಅಂತ ಅವನನ್ನೇ ಕೇಳಿ.

ಮಳೆಬಿಲ್ಲು, ಬೆಂಗಳೂರು

ಅಕ್ಕ, ನನಗೀಗ 28. ನಾನು ಇದರ ತದ್ವಿರುದ್ಧ. ನನ್ನನ್ನು ಕಡ್ಡಿ, ಸೊಳ್ಳೆ ಅನ್ನುತ್ತಿದ್ದರು. ಫ್ಯಾನ್ ಹಾಕಿ "ಹಿಡ್ಕೊಳ್ರೋ, ಹಾರಿಹೋಗ್ತಾಳೆ" ಅನ್ನುವುದು ದಿನದ ಆಟ.

ನಾನು ಹೇಳಬೇಕಾದದ್ದು ನೀರಿನ ವಿಷಯ. ನಮ್ಮ ಶಾಲೆಯ ಟಾಯ್ಲೆಟ್ ಬಾಗಿಲಲ್ಲಿ ಒಂದು ಗುಂಪು ನಿಂತಿರುತ್ತಿತ್ತು. ಒಳಗೆ ಹೋದರೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಅದಕ್ಕೆ ನಾನು ಟಾಯ್ಲೆಟ್‌ಗೆ ಹೋಗುವುದನ್ನೇ ಬಿಟ್ಟೆ. ಟಾಯ್ಲೆಟ್‌ಗೆ ಹೋಗಬಾರದು ಅಂದರೆ ನೀರು ಕುಡಿಯಬಾರದು, ಅಲ್ವಾ? ಎರಡು ವರ್ಷ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಒಂದು ತೊಟ್ಟು ನೀರು ಕುಡಿಯಲಿಲ್ಲ. ಪದೇ ಪದೇ ಉರಿಮೂತ್ರ, ಜ್ವರ. ಅಮ್ಮ ಬಾರ್ಲಿ ನೀರು ಮಾಡಿ ಬಾಟಲಿ ತುಂಬಿ ಕಳಿಸುತ್ತಿದ್ದರು. ನಾನು ಅದನ್ನು ಗಿಡಕ್ಕೆ ಚೆಲ್ಲಿ ಖಾಲಿ ಬಾಟಲಿ ತರುತ್ತಿದ್ದೆ.

2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲೂ ವಾಟರ್ ಬೆಲ್ ಬಂತು. ಮಕ್ಕಳು ನೀರು ಕುಡಿಯಲಿ ಅಂತ ಗಂಟೆ ಹೊಡೆಯುವುದು. ಒಳ್ಳೆಯದೇ. ಆದರೆ ನನ್ನಂಥವಳಿಗೆ ಅದರ ಜೊತೆ ಟಾಯ್ಲೆಟ್ ಹತ್ತಿರ ಒಬ್ಬ ಟೀಚರ್ ನಿಂತಿರಬೇಕಿತ್ತು.

ನಿಮ್ಮ ಮಗನ ನೀರಿನ ಬಾಟಲಿಯನ್ನೂ ಗಮನಿಸಿ ಅಕ್ಕ.

ಹಳೇಬೇರು, ಮಂಡ್ಯ

ತಾಯಿ, ಬೇಜಾರು ಮಾಡಿಕೊಳ್ಳಬೇಡಿ. ನನಗೆ 67 ವರ್ಷ. ನಮ್ಮ ಕಾಲದಲ್ಲಿ ಅಡ್ಡಹೆಸರಿಲ್ಲದ ಹುಡುಗನೇ ಇರಲಿಲ್ಲ. ಬೋಂಡ, ಕರಿಯ, ಮೆಳ್ಳಗಣ್ಣ ಅಂತ ಎಲ್ಲರಿಗೂ ಒಂದೊಂದು. ಸಂಜೆಗೆ ಎಲ್ಲರೂ ಒಟ್ಟಿಗೆ ಕೆರೆಗೆ ಹೋಗುತ್ತಿದ್ದೆವು. ಈಗಿನ ಮಕ್ಕಳನ್ನು ತೀರಾ ನಾಜೂಕಾಗಿ ಬೆಳೆಸುತ್ತಿದ್ದೇವೆ ಅನ್ನಿಸುತ್ತದೆ. ಎದುರು ಮಾತಾಡಲು ಕಲಿಸಿ, ಸರಿಹೋಗುತ್ತದೆ.

ಸ್ನೇಹ ಕ್ಲಿನಿಕ್ ಅಕ್ಕ, ಚಿಕ್ಕಮಗಳೂರು ಜಿಲ್ಲೆ

ಸರ್, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಸಂಜೆಗೆ ಎಲ್ಲರೂ ಒಟ್ಟಿಗೆ ಕೆರೆಗೆ ಹೋಗುತ್ತಿದ್ದಿರಿ. ಈ ಹುಡುಗನನ್ನು ಯಾರೂ ಕರೆಯುತ್ತಿಲ್ಲ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ಆಪ್ತ ಸಮಾಲೋಚಕಿ. ತಮಾಷೆ ಯಾವುದು, ಬುಲ್ಲಿಯಿಂಗ್ ಯಾವುದು ಅಂತ ತಂದೆತಾಯಿ ದಿನಾ ಕೇಳುತ್ತಾರೆ. ನಾರ್ವೆಯಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರಿದ್ದರು, 2020ರಲ್ಲಿ ತೀರಿಕೊಂಡರು. ಅವರು ಹೇಳಿದ ಮೂರು ಗುರುತನ್ನೇ ನಾನೂ ಹೇಳುತ್ತೇನೆ. ಬೇಕಂತಲೇ ನೋಯಿಸಬೇಕು. ಮತ್ತೆ ಮತ್ತೆ ಆಗಬೇಕು. ಇಬ್ಬರ ಬಲ ಸಮ ಇರಬಾರದು. ಮೂರು ಜನ, ಒಬ್ಬ, ದಿನಾ ಮಧ್ಯಾಹ್ನ, ಬೋರ್ಡಿನ ಮೇಲೆ ಲೆಕ್ಕ. ಇದನ್ನು ತಮಾಷೆ ಅನ್ನಲು ಆಗುವುದಿಲ್ಲ ಸರ್.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಸಹಪಾಠಿಗಳ ಕಾಟಕ್ಕೆ ಮೂವರು ಹುಡುಗರು ಜೀವ ಕಳೆದುಕೊಂಡರು. ಮರುವರ್ಷವೇ ಆ ಸರ್ಕಾರ ದೇಶದ ಎಲ್ಲ ಶಾಲೆಗಳಲ್ಲಿ ಇದರ ವಿರುದ್ಧ ಕೆಲಸ ಶುರು ಮಾಡಿತು. ಅದಕ್ಕೂ ಮುಂಚೆ ಅಲ್ಲಿಯೂ ಇದು ಮಕ್ಕಳಾಟ ಅಂತಲೇ ಅನ್ನುತ್ತಿದ್ದರು.

ಹೊಸಿಲು ಅವರೇ, ಈಗ ನಿಮ್ಮ ಮಗನ ವಿಷಯ. ಮೊದಲು ನಿದ್ದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅವನು ಎಷ್ಟಕ್ಕೆ ಮಲಗುತ್ತಾನೆ? ಹನ್ನೊಂದಕ್ಕೆ ಮಲಗಿ ಐದೂವರೆಗೆ ಎದ್ದರೆ ಆರೂವರೆ ಗಂಟೆಯೇ ಆಯಿತು. ನಿದ್ದೆ ಕಮ್ಮಿಯಾದರೆ ಹಸಿವು ಹೆಚ್ಚುತ್ತದೆ, ಅದರಲ್ಲೂ ಸಿಹಿ, ಕರಿದ ತಿಂಡಿಗೆ ಬಾಯಿ ಚಪಲ. ಜೊತೆಗೆ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಹೊಟ್ಟೆ ಖಾಲಿ. ಮನೆಗೆ ಬಂದು ಬಿಸ್ಕತ್ತಿಗೆ ಕೈ ಹಾಕದೆ ಇನ್ನೇನು ಮಾಡುತ್ತಾನೆ? ಅವನನ್ನು ಹೊಟ್ಟೆಬಾಕ ಅನ್ನಬೇಡಿ. ಸಂಜೆ ಬಂದ ತಕ್ಷಣ ಬಿಸಿ ಊಟವನ್ನೇ ಹಾಕಿ. ಮುದ್ದೆ ಸಾರು ಮಾಡಿದ್ದರೆ ಅದನ್ನೇ ಐದು ಗಂಟೆಗೆ ಕೊಡಿ. ತೂಕ ಇಳಿಸುವ ಪಥ್ಯ ಈ ವಯಸ್ಸಿಗೆ ಬೇಡವೇ ಬೇಡ. ಅವನಿನ್ನೂ ಬೆಳೆಯುತ್ತಿದ್ದಾನೆ. ಮನೆಯಲ್ಲಿ ಯಾರೂ ತೂಕದ ಮಾತು ಎತ್ತಬೇಡಿ, ನೆಂಟರು ಬಂದಾಗಲೂ.

ಮನಸ್ಸು ತುಂಬಾ ಕುಗ್ಗಿದೆ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನೇ ಮಾಡಬಹುದು. ಹೊಡೆತ, ಬೆದರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ನನ್ನ ಹಾಗೆ ಒಬ್ಬರು ಇರುತ್ತಾರೆ. ಅದು 10ರಿಂದ 19 ವರ್ಷದವರಿಗಾಗಿಯೇ ಇರುವ ಜಾಗ.

ತುಂಗಭದ್ರ, ಕೊಪ್ಪಳ ಜಿಲ್ಲೆ

ಅಕ್ಕಾರೇ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ ನಾನು. ಊಟದ ಹೊತ್ತಿನ ಕಾಟ ಅಂದ ಕೂಡಲೇ ಬರೆಯಬೇಕು ಅನ್ನಿಸಿತು.

ನಮ್ಮ ಕಡೆಯ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಮಕ್ಕಳು ಮೊಟ್ಟೆಗಾಗಿ ಕಾಯುತ್ತಾರೆ. ಸೋಮವಾರದ ಹಾಜರಿ ನೋಡಿದರೇ ಗೊತ್ತಾಗುತ್ತದೆ. ಆದರೆ ಶುರುವಿನಲ್ಲಿ ನನ್ನ ಕ್ಲಾಸಿನಲ್ಲಿ ಒಂದು ಕೆಟ್ಟ ಸಾಲು ಬೆಳೆಯಿತು. ಬಾಳೆಹಣ್ಣಿನವರು ಒಂದು ಕಡೆ, ಮೊಟ್ಟೆಯವರು ಒಂದು ಕಡೆ. "ಮೊಟ್ಟೆ ನಾರುತ್ತೆ, ದೂರ ಕೂಡು" ಅನ್ನುವ ಮಾತು. ಈ ಕಡೆಯವರು ಬಾಳೆಹಣ್ಣಿನವರಿಗೆ "ಕೋತಿ" ಅನ್ನುವುದು. ಒಬ್ಬಳು ಹುಡುಗಿ ಮೊಟ್ಟೆ ಇಷ್ಟ ಇದ್ದರೂ ಕೈ ಎತ್ತುವುದನ್ನು ನಿಲ್ಲಿಸಿದಳು. ತೆಳ್ಳಗಿನ ಹುಡುಗಿ, ಮೈಯಲ್ಲಿ ರಕ್ತ ಕಡಿಮೆ, ಪ್ರತಿ ವಾರ ಕಬ್ಬಿಣದ ನೀಲಿ ಮಾತ್ರೆ ನುಂಗುವವಳು. ಅವಳಿಗೆ ಆ ಮೊಟ್ಟೆ ಬೇಕಿತ್ತು.

ಇದರ ಹಿಂದೆ ಜಾತಿ ಇದೆ ಅನ್ನುವುದು ನಮಗೆಲ್ಲ ಗೊತ್ತು, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.

ನಾನು ಭಾಷಣ ಮಾಡಲಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ಕೂಡಿಸಿದೆ. ನಾನೂ ತಾಟು ಹಿಡಿದು ಅದೇ ಸಾಲಿನಲ್ಲಿ ಕುಂತೆ. ಒಂದು ದಿನ ಮೊಟ್ಟೆ, ಒಂದು ದಿನ ಬಾಳೆಹಣ್ಣು ತಿಂದೆ. ಮೂರು ವಾರದಲ್ಲಿ ಆ ಮಾತು ನಿಂತಿತು. ಅದಕ್ಕೆ ಹೇಳುತ್ತೇನೆ, ನಿಮ್ಮ ಮಗನ ಶಾಲೆಯಲ್ಲಿ ಊಟದ ಹೊತ್ತಿಗೆ ಟೀಚರ್ ಎಲ್ಲಿರುತ್ತಾರೆ ಅಂತ ಕೇಳಿರಿ. ಆ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲು ಹಾಕಿದ್ದರೆ ಕ್ಲಾಸಿನೊಳಗೆ ಏನು ನಡೆದರೂ ಯಾರಿಗೂ ಕಾಣುವುದಿಲ್ಲ.

ಆ ಕಡೆಯ ಅಮ್ಮ

ಊರು ಹೇಳುವುದಿಲ್ಲ. ನನ್ನ ಮಗ ಕಾಟ ಕೊಡುತ್ತಿದ್ದವನು.

ಎರಡು ವರ್ಷದ ಹಿಂದೆ ಶಾಲೆಯಿಂದ ಫೋನ್ ಬಂತು. ನನ್ನ ಮಗ ಹಾಗಲ್ಲ ಅಂತ ಜಗಳ ಆಡಿದೆ. ಆ ಹುಡುಗನ ನೋಟ್‌ಬುಕ್ ತೋರಿಸಿದರು. ಪ್ರತಿ ಪುಟದ ಮೇಲೆ ನನ್ನ ಮಗನ ಅಕ್ಷರದಲ್ಲಿ ಒಂದೇ ಪದ. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಆ ರಾತ್ರಿ ಅವನನ್ನು ಕೂರಿಸಿಕೊಂಡು ಕೇಳಿದೆ. ಇವರ ಮನೆಯಲ್ಲಿ ಎಲ್ಲರೂ ಅವನ ಎತ್ತರದ ಬಗ್ಗೆ ಮಾತಾಡುತ್ತಾರೆ. ಹಬ್ಬಕ್ಕೆ ಹೋದರೆ ದೊಡ್ಡಪ್ಪ ಗೋಡೆಗೆ ನಿಲ್ಲಿಸಿ ಅಳೆಯುತ್ತಾರೆ, ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ನಗುತ್ತಾರೆ. ನಾನೂ ನಕ್ಕಿದ್ದೇನೆ. ಅವನೂ ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್ ಅಂತ ಐದಾರು ಗಂಟೆ ಮಲಗುತ್ತಿದ್ದ. ಬೆಳಿಗ್ಗೆ ತಿಂಡಿ ಇಲ್ಲ. ಸದಾ ಸಿಡುಕು. ಇದನ್ನು ಹೇಳಿ ಅವನ ತಪ್ಪು ಮುಚ್ಚುತ್ತಿಲ್ಲ. ಅವನು ಮಾಡಿದ್ದು ತಪ್ಪೇ. ಆದರೆ ನಾಲ್ಕು ಏಟು ಹಾಕಿದ್ದರೆ ಇದಾವುದೂ ನನಗೆ ಗೊತ್ತಾಗುತ್ತಿರಲಿಲ್ಲ.

ಟ್ಯೂಷನ್ ಒಂದು ಬಿಡಿಸಿದೆವು. ದೊಡ್ಡಪ್ಪನಿಗೆ ಅಳೆಯಬೇಡಿ ಅಂತ ಹೇಳಿದೆವು, ಅವರು ಬೇಜಾರು ಮಾಡಿಕೊಂಡರು. ಆ ಹುಡುಗನ ಮನೆಗೆ ನಾವು ಮೂವರೂ ಹೋದೆವು. ಅವನ ಅಮ್ಮ ಕಾಫಿ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಹೊಸಿಲು ಅವರೇ, ಆ ಮೂವರಿಗೂ ಅಮ್ಮಂದಿರಿದ್ದಾರೆ. ಅವರಿಗೆ ಗೊತ್ತಾಗಲಿ. ಆದರೆ ನೀವೇ ನೇರವಾಗಿ ಫೋನ್ ಮಾಡಬೇಡಿ, ನನ್ನ ಹಾಗೆ ಮೊದಲು ಜಗಳ ಆಡುತ್ತಾರೆ. ಕ್ಲಾಸ್ ಟೀಚರ್ ಕಡೆಯಿಂದ ಹೋಗಲಿ.

ಬಿಳಿರಾತ್ರಿ, ಟುರ್ಕು

ಶಿವಮೊಗ್ಗದವಳು, ಒಂಬತ್ತು ವರ್ಷದಿಂದ ಫಿನ್ಲೆಂಡ್‌ನಲ್ಲಿದ್ದೇನೆ. ಶಾಲೆಗಳಲ್ಲಿ ಬುಲ್ಲಿಯಿಂಗ್ ತಡೆಯುವ ಕಿವಾ ಎಂಬ ಕಾರ್ಯಕ್ರಮ ಹುಟ್ಟಿದ್ದು ಇಲ್ಲಿನ ಟುರ್ಕು ವಿಶ್ವವಿದ್ಯಾಲಯದಲ್ಲೇ. 2009ರಲ್ಲಿ ದೇಶದ ಶಾಲೆಗಳಿಗೆ ಹೋಯಿತು. ಅದರ ಹಿಂದಿರುವ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಕಾಡುವವನು, ಕಾಡಿಸಿಕೊಳ್ಳುವವನು ಅಂತ ಇಬ್ಬರನ್ನೇ ನೋಡಲಿಲ್ಲ. ಸುತ್ತ ನಿಂತವರು ಏನು ಮಾಡುತ್ತಾರೆ ಅಂತ ನೋಡಿದರು. ಒಬ್ಬ ಜೊತೆ ಸೇರುತ್ತಾನೆ. ಒಬ್ಬ ನಗುತ್ತಾನೆ. ಸುಮಾರು ಜನ ಸುಮ್ನೆ ನೋಡುತ್ತಾರೆ. ಯಾರೋ ಒಬ್ಬರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ.

ನಿಮ್ಮ ಮಗನ ವಿಷಯದಲ್ಲಿ ಮೂವರು ತುತ್ತು ಎಣಿಸುತ್ತಾರೆ, ಆದರೆ ಬೋರ್ಡಿನಲ್ಲಿ ಬರೆದದ್ದನ್ನು ಓದುವವರು ಉಳಿದವರೆಲ್ಲ. ಇಲ್ಲಿ ಹೀಗಾದರೆ ಶಿಕ್ಷಕರು ಕಾಟ ಕೊಟ್ಟವರ ಜೊತೆ ಬೇರೆ ಮಾತಾಡುತ್ತಾರೆ. ಅದರ ಜೊತೆಗೆ ಕ್ಲಾಸಿನಲ್ಲಿ ಎಲ್ಲರೂ ಗೌರವಿಸುವ ಎರಡರಿಂದ ನಾಲ್ಕು ಮಕ್ಕಳನ್ನು ಕರೆದು, ಇವನಿಗೆ ನೀವು ಹೇಗೆ ಜೊತೆಯಾಗಬಹುದು ಅಂತ ಕೇಳುತ್ತಾರೆ. ಆಟದ ಬಿಡುವಿನಲ್ಲಿ ನೋಡಿಕೊಳ್ಳುವ ಶಿಕ್ಷಕರು ದೂರಕ್ಕೆ ಕಾಣುವ ಬಣ್ಣದ ಜಾಕೆಟ್ ಹಾಕಿರುತ್ತಾರೆ. ನನ್ನ ಮಗಳು ಆರನೇ ಕ್ಲಾಸಿನಲ್ಲಿ "ಮಸಾಲೆ ವಾಸನೆ" ಅಂತ ಅನ್ನಿಸಿಕೊಂಡಳು. ಆಗ ಜೊತೆಯಾಗಲು ಟೀಚರ್ ಕರೆದ ಮೂವರಲ್ಲಿ ಒಬ್ಬಳು ಇವತ್ತಿಗೂ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತಾಳೆ.

ಅದಕ್ಕೆ ದೊಡ್ಡ ಕಾರ್ಯಕ್ರಮವೇ ಬೇಕಾಗಿಲ್ಲ. ಕ್ಲಾಸ್ ಟೀಚರ್ ಮನಸ್ಸು ಮಾಡಿದರೆ ಸಾಕು.

ಹತ್ತನೇ ಕ್ಲಾಸು

ನಾನು ಸ್ಟೂಡೆಂಟ್. ಅಮ್ಮನ ಫೋನಿನಿಂದ ಬರೆಯುತ್ತಿದ್ದೇನೆ, ಅಮ್ಮನಿಗೆ ಗೊತ್ತು.

ಆಂಟಿ, ನಿಮ್ಮ ಮಗನಿಗೆ ಕ್ಲಾಸಿನ ವಾಟ್ಸಾಪ್ ಗ್ರೂಪ್ ಇದೆಯಾ ನೋಡಿ. ನಮ್ಮ ಕ್ಲಾಸಿನಲ್ಲಿ ಟೀಚರ್ ಇಲ್ಲದ ಇನ್ನೊಂದು ಗ್ರೂಪ್ ಇದೆ. ಅದರಲ್ಲಿ ನನ್ನ ಯೂನಿಫಾರ್ಮ್ ಮೇಲೆ ಕಲೆ ಆದ ಫೋಟೋ ಹಾಕಿದ್ದರು. ರಾತ್ರಿ ಎರಡರವರೆಗೆ ಯಾರು ಏನು ಬರೆಯುತ್ತಾರೆ ಅಂತ ನೋಡುತ್ತಾ ಕೂತಿರುತ್ತಿದ್ದೆ. ಎಲ್ಲರೂ ಫೋನ್ ನೋಡಬೇಡ, ಬೇಗ ಮಲಗು ಅನ್ನುತ್ತಾರೆ. ನೋಡದೆ ಇದ್ದರೆ ಇನ್ನೂ ಭಯ ಆಗುತ್ತದೆ. ಆ ತಿಂಗಳು ಪೂರ್ತಿ ಪಿಟಿಗೆ ಹೋಗಲಿಲ್ಲ, ಹೊಟ್ಟೆನೋವು ಅಂತ ಚೀಟಿ ಬರೆಸಿಕೊಂಡು ಹೋದೆ.

ಅಮ್ಮ ಬೈಯದೆ ಕೇಳಿದ್ದಕ್ಕೆ ಹೇಳಿದೆ.

ಹಳೇಬೇರು, ಮಂಡ್ಯ

ಎಲ್ಲರದ್ದೂ ಓದಿದೆ. ನಿನ್ನೆಯಿಂದ ಒಬ್ಬ ಹುಡುಗನ ನೆನಪು ಬಿಡುತ್ತಿಲ್ಲ. ಮೆಳ್ಳಗಣ್ಣ ಅಂದೆನಲ್ಲ, ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ. ಓದಿನಲ್ಲಿ ನನಗಿಂತ ಮುಂದಿದ್ದ. ಯಾಕೆ ಬಿಟ್ಟ ಅಂತ ನಾವು ಯಾರೂ ಕೇಳಲಿಲ್ಲ. ಕೆರೆಗೂ ಅವನು ಬರುತ್ತಿರಲಿಲ್ಲ ಅನ್ನುವುದು ಈಗ ನೆನಪಾಗುತ್ತಿದೆ.

ತಾಯಿ, ಶಾಲೆಗೆ ಹೋಗಿ. ಆದರೆ ಮಗನಿಗೆ ಹೇಳಿಯೇ ಹೋಗಿ.

ಹೊಸಿಲು, ತುಮಕೂರು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಮೂರು ವಾರ ಆಯಿತು. ಆದದ್ದನ್ನು ಹೇಳುತ್ತೇನೆ.

ಮೊದಲು ಮಗನ ಜೊತೆ ಕೂತು ಯಾರಿಗೆ ಏನು ಹೇಳಬೇಕು ಅಂತ ಅವನನ್ನೇ ಕೇಳಿದೆ. "ಹೆಸರು ಹೇಳಬೇಡ, ಬೋರ್ಡಿನ ವಿಷಯ ಹೇಳು" ಅಂದ. ಯಾವ ದಿನ ಏನಾಯಿತು ಅಂತ ಅವನೇ ಒಂದು ಹಾಳೆಯಲ್ಲಿ ಬರೆದುಕೊಟ್ಟ. ಹನ್ನೊಂದು ದಿನದ್ದು ಇತ್ತು. ಓದಿ ಇವರು ಹೊರಗೆ ಹೋಗಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ಆಮೇಲೆ ಬಂದು "ನಾನು ಬೆಳಿಗ್ಗೆ ಎಬ್ಬಿಸಿದ್ದು ತಪ್ಪಾಯಿತು ಕಣೋ" ಅಂದರು. ನನ್ನ ಮದುವೆಯಾಗಿ 16 ವರ್ಷ, ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅವತ್ತೇ.

ಶಾಲೆಯಲ್ಲಿ ಶುರುವಿಗೆ "ಮಕ್ಕಳು ಅಂದರೆ ಇದೆಲ್ಲ ಇದ್ದದ್ದೇ" ಅಂದರು. ಹಾಳೆ ಮುಂದಿಟ್ಟೆ. ಸಿಬಿಎಸ್‌ಇ 2015ರಲ್ಲೇ ಬುಲ್ಲಿಯಿಂಗ್ ತಡೆಯಲು ಸಮಿತಿ ಮಾಡಿ ಅಂತ ತನ್ನ ಶಾಲೆಗಳಿಗೆ ಬರೆದಿತ್ತು ಅಂತ ಇವರು ಹುಡುಕಿಕೊಂಡು ಬಂದಿದ್ದರು. ನಮ್ಮದು ಸ್ಟೇಟ್ ಸಿಲಬಸ್, ಆದರೂ ಅದನ್ನು ಹೇಳಿದೆವು. ಕ್ಲಾಸ್ ಟೀಚರ್ ಚಿಕ್ಕ ವಯಸ್ಸಿನವರು. ಹಾಳೆ ಓದುತ್ತಾ ಅವರ ಮುಖ ಸಣ್ಣಗಾಯಿತು. ಮಧ್ಯಾಹ್ನ ಬೋರ್ಡು ಒರೆಸುವವರು ಅವರೇ ಅಂತೆ. ಆ ಸಂಖ್ಯೆ ದಿನಾ ನೋಡಿದ್ದರಂತೆ, ಸ್ಕೋರ್ ಅಂದುಕೊಂಡಿದ್ದರಂತೆ.

ಈಗ ಅವರು ಕ್ಲಾಸಿನಲ್ಲೇ ಊಟ ಮಾಡುತ್ತಾರೆ. ಮೂವರ ಮನೆಗೂ ಶಾಲೆಯಿಂದಲೇ ಹೇಳಿದ್ದಾರೆ. ಎಣಿಸುವುದು ನಿಂತಿದೆ. "ಡುಮ್ಮ" ನಿಂತಿಲ್ಲ, ಬಸ್ ಸ್ಟಾಪಿನಲ್ಲಿ ಈಗಲೂ ಅನ್ನುತ್ತಾರೆ. ಪಿಟಿಗೆ ಇನ್ನೂ ಹೋಗುತ್ತಿಲ್ಲ. ಒತ್ತಾಯ ಮಾಡಿಲ್ಲ. ಸಂಜೆ ಐದಕ್ಕೆ ಊಟ ಹಾಕುತ್ತೇನೆ, ಹತ್ತಕ್ಕೆ ಮಲಗುತ್ತಾನೆ. ಭಾನುವಾರ ಅಪ್ಪ ಮಗ ಸೈಕಲ್ ತೆಗೆದುಕೊಂಡು ಕೆರೆ ಏರಿ ಮೇಲೆ ಹೋಗಿ ಬರುತ್ತಾರೆ. ತೂಕ ನೋಡಿಲ್ಲ. ತೂಕದ ಮೆಷಿನ್ ಅಟ್ಟದ ಮೇಲಿಟ್ಟಿದ್ದೇನೆ.

ಮೊನ್ನೆ ಮುಂದಿನ ಬೆಂಚಿನ ಹುಡುಗ ಇವನ ಪಕ್ಕಕ್ಕೆ ಬಂದು ಕೂತನಂತೆ. ಟೀಚರ್ ಹೇಳಿದರೋ, ತಾನೇ ಬಂದನೋ ಗೊತ್ತಿಲ್ಲ. ಇವನ ಡಬ್ಬಿಯ ಚಿತ್ರಾನ್ನ ಅವನು ತಿಂದ, ಅವನ ಚಪಾತಿ ಇವನು ತಿಂದ. ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. ಹಿಂದೆ ಬಂದು ನಿಂತು, "ಅಮ್ಮ, ನಾಳೆ ಚಿತ್ರಾನ್ನ ಸ್ವಲ್ಪ ಜಾಸ್ತಿ ಹಾಕು" ಅಂದ.

ಮಳೆಬಿಲ್ಲು, ನೀರಿನ ಬಾಟಲಿ ನೋಡಿದೆ ಕಣಮ್ಮ. ಅದಿನ್ನೂ ತುಂಬಿಯೇ ಬರುತ್ತಿದೆ. ನಾಳೆ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ.